ಚೂಪು ಮಾಡಿದ ತುದಿ

ಫೆಬ್ರವರಿ 11, ಬೆಳಿಗ್ಗೆ

…ಸಾರಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಗಾಳೀಲಿ ಏನೂ ರೆಕಾರ್ಡ್ ಆಗಿರಲಿಲ್ಲ. ಯಾರಿಗೆ ಸಾರಿ ಹೇಳ್ತಿದೀನೋ… ಫೋನಿಗೆ. ಹೂಂ.

ಕಡ್ಡಿ ನೆಡೋದು ಮುಗೀತು. ಇಡೀ ಇಳಿಜಾರು. ಹೋದ ಮಳೇಲಿ ಇಲ್ಲಿಂದಲೇ ಮಣ್ಣು ಜಾರಿ, ಕೆಳಗೆ ಮಗಳ ಅಡುಗೆಮನೆ ಕಿಟಕಿ ಒಡ್ಕೊಂಡು ಒಳಗೆ ನುಗ್ಗಿತ್ತು. ಬೇರು ಹಿಡಿದ್ರೆ ಮಣ್ಣು ನಿಲ್ಲುತ್ತೆ, ಅಷ್ಟೇ ಲೆಕ್ಕ. ಈ ಬೆಟ್ಟದ್ದೇ ಜಾತಿಯ ಮರ, ಮೇಲೆ ಒಂದೇ ಒಂದು ಉಳಿದಿದೆ. ಒಂಟಿ, ಬೀಜ ಕಟ್ಟಲ್ಲ. ಕೊಂಬೆ ಕಡಿದು ನೆಡೋದೇ ಗತಿ. ಬೋಳಿಸಿಬಿಟ್ವಿ ಪಾಪ. ಒಂದು ಕೊಂಬೆ ಬಿಟ್ಟಿದೀವಿ, ಉಸಿರಾಡೋಕೆ.

ಭಾಮೈದ ಬಡಗಿ. ಅಷ್ಟೂ ಕಡ್ಡಿ ಅವನೇ ಚೂಪು ಮಾಡಿಕೊಟ್ಟ, ಪೆನ್ಸಿಲ್ ಥರ. ನಾನು ಹೊಡೆಯೋದು, ಮಾತಾಡೋದು. "ಭಾವ, ಬಾಯಿಗಿಂತ ಸುತ್ತಿಗೆ ಜಾಸ್ತಿ ಆಡ್ಲಿ" ಅಂತಾನೆ.

ಮಾರ್ಚ್ 20

ಚಿಗುರಿದೆ. ನಿಜವಾಗ್ಲೂ. ಚಿಗುರು ಸ್ವಲ್ಪ ಕೆಳಮುಖ ಇದೆ, ಗಾಳಿಗಿರಬೇಕು. ಮಗಳು ಬಂದು ನೋಡಿದ್ಲು. "ಅಪ್ಪಾ, ಕಿಟಕಿಗೆ ಹೊಸ ಗಾಜು ಹಾಕಿಸ್ಲಾ?"

ಹಾಕ್ಸು ಅಂದೆ.

ಏಪ್ರಿಲ್ 17, ಮಧ್ಯಾಹ್ನ

ಒಣಗ್ತಿದೆ. ನೀರು ಹಾಕಿದ್ರೂ. ಒಂದು ಕಿತ್ತು ನೋಡ್ದೆ — ಬೇರಿಲ್ಲ. ಇನ್ನೊಂದು. ಇಲ್ಲ. ಕಡ್ಡಿ ತೊಡೆ ಮೇಲಿಟ್ಕೊಂಡು ಕೂತೆ… ಮೊಗ್ಗೆಲ್ಲಾ ಚೂಪಾದ ಕಡೆಗೆ ಮುಖ ಮಾಡಿವೆ. ಮೊಗ್ಗು ನೋಡೋದು ಯಾವಾಗ್ಲೂ ಕೊಂಬೆ ತುದಿ ಕಡೆಗೆ. ಅಂದ್ರೆ ಕೊಂಬೆ ತುದಿ ಮಣ್ಣಲ್ಲಿ, ಬುಡ ಆಕಾಶಕ್ಕೆ. ತಲೆಕೆಳಗು. ಎಲ್ಲಾ, ಒಂದೂ ಬಿಡದೆ.

ಬೇಲಿ ಗೂಟಕ್ಕೆ ಬಡಗಿ ಸಣ್ಣ ತುದೀನೇ ಚೂಪು ಮಾಡೋದು. ಕೈರೂಢಿ. ಕೊಂಬೆಯ ಬುಡ ಕೆಳಗೆ ಹೋಗ್ಬೇಕು ಅಂತ ನಾನು ಹೇಳ್ಬೇಕಿತ್ತು. ದಿನವಿಡೀ ಒದರೋನು… ಇದೊಂದು ಹೇಳ್ಲಿಲ್ಲ.

ಏಪ್ರಿಲ್ 18

ಭಾಮೈದನಿಗೆ ಹೇಳ್ದೆ. ಕಡ್ಡಿ ತಿರುಗಿಸಿ ತಿರುಗಿಸಿ ನೋಡ್ದ. "ಗೂಟದ ಹಾಗೆ ಹೊಡೀಬೇಕು ಅಂದ್ರಲ್ಲ, ಭಾವ." ಅಷ್ಟೇ. ಊಟಕ್ಕೆ ಬರ್ಲಿಲ್ಲ. ಹೆಂಡ್ತಿ ನನ್ನ ಮುಖ ನೋಡ್ತಿದಾಳೆ — ನನ್ನ ತಮ್ಮನಿಗೆ ಏನಂದ್ರಿ ಅಂತ.

ಮೇ 9, ಸಂಜೆ

ಮರದ ಹತ್ರ ಇದೀನಿ. ಮೋಡ ಬಂದು ಕೂತಿದೆ. ತಿರುಗಿಸಿ ನೆಟ್ಟವೂ ಸತ್ತವು. ಮಗಳಿಗೆ ಮನೆ ಬಿಡು ಅಂದೆ. "ಗಾಜು ಹಾಕ್ಸು ಅಂದೋನೂ ನೀನೇ, ಮನೆ ಬಿಡು ಅನ್ನೋನೂ ನೀನೇ" ಅಂದು ಬಾಗಿಲು ಹಾಕ್ಕೊಂಡ್ಲು.

ಇರೋದು ಆ ಒಂದೇ ಕೊಂಬೆ. ಅವಳ ಮನೆ ನೆತ್ತಿ ಮೇಲಿನ ಇಳಿಜಾರಿನ ಪಟ್ಟಿಗಷ್ಟೇ ಆಗುತ್ತೆ. ಎಲೆ ಬಂದ ಕೊಂಬೆ ಬೇರು ಬಿಡೋದು ಅಪರೂಪ, ಗೊತ್ತು. ಇದನ್ನೂ ಕಡಿದ್ರೆ ಮರ ಉಳಿಯಲ್ಲ, ಅದೂ ಗೊತ್ತು. ಬೇಡ ಅಂತ ಮೂರು ಸಲ ಇಳಿದು ಹೋದೆ. ಮೂರು ಸಲ ವಾಪಸ್ ಹತ್ತಿದೆ… ಈಗ ಭಾಮೈದ ಮರದ ಮೇಲಿದಾನೆ, ಗರಗಸ ಅರ್ಧ ಹೋಗಿದೆ. ಇನ್ನು ನಿಲ್ಸು ಅಂದ್ರೂ—

"ಭಾವ, ಹಿಡ್ಕೊಳ್ಳಿ, ಬರ್ತಿದೆ."

ಬಂದೆ, ಬಂದೆ. ಫೋನ್ ಇಡ್ತೀ—