ಕೈ ಎತ್ತದಿದ್ದರೂ ನುಡಿಯುವ ಪೆಟ್ಟಿಗೆ

ಮಾನ್ಯ ಸಂಗೀತ ಶಿಕ್ಷಣಾಧಿಕಾರಿಗಳೇ,

ನಮ್ಮ ಸಂಗೀತ ಶಾಲೆಗೆ ತಾವು ದಯಪಾಲಿಸಿದ ಸ್ಪೀಕರ್ ಪೆಟ್ಟಿಗೆಯನ್ನು ವಾಪಸು ಒಯ್ಯಿರಿ. ಅದು ಕೆಟ್ಟಿದೆಯೇ ಎಂದು ಕೇಳಬೇಡಿ. ಕೆಟ್ಟಿದ್ದರೆ ನಾನು ಈ ಪತ್ರ ಬರೆಯುವ ಬದಲು ಬೀದಿಗೆಲ್ಲ ಸಿಹಿ ಹಂಚುತ್ತಿದ್ದೆ. ಅದು ಅತ್ಯುತ್ತಮವಾಗಿ ಕೆಲಸ ಮಾಡುತ್ತಿದೆ. ನಮ್ಮ ದೂರೇ ಅದು. ಒಬ್ಬ ಹುಡುಗಿಯ ವಿದ್ಯೆಯನ್ನು ಆಗಲೇ ನುಂಗಿ ನೀರು ಕುಡಿದಿರುವ ಆ ಪೆಟ್ಟಿಗೆ ಈಗ ನಮ್ಮ ಭಾವನವರ ಬಲಗೈಗೆ ಬಾಯಿ ಹಾಕಿದೆ.

ಇಷ್ಟು ಗಟ್ಟಿಯಾಗಿ ಕೂಗುತ್ತಿರುವ ಇವನ್ಯಾರು ಅಂತೀರಾ? ನಗರ ವಾದ್ಯವೃಂದದ ಕಟ್ಟಕಡೆಯ ಸಾಲಿನಲ್ಲಿ, ತಾಮ್ರದ ದೊಡ್ಡ ನಗಾರಿಗಳ ಹಿಂದೆ ನಿಲ್ಲುವವನು. ಅಪ್ಪ ನಾಟಕದ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದ. ಅದೇ ರಾಜನಿಗೆ ಅಮ್ಮ ಪರದೆಯ ಹಿಂದೆ ಕೂತು ಮರೆತ ಮಾತು ಎತ್ತಿಕೊಡುತ್ತಿದ್ದಳು. ಅಕ್ಕನೂ ನಾನೂ ಬಣ್ಣದ ಡಬ್ಬಿಗಳ ನಡುವೆ ಬೆಳೆದವರು. ನಾನು ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ. ಕೊನೆಯ ಬೆಂಚಿನವನಿಗೂ ಕೇಳಬೇಕು ಎಂಬುದು ಅಪ್ಪನ ರಾಜಾಜ್ಞೆ. ತಮ್ಮ ಕಚೇರಿ ಆ ಕೊನೆಯ ಬೆಂಚಿಗಿಂತಲೂ ಹಿಂದೆ ಎಲ್ಲೋ ಇರಬೇಕು.

ಭಾವ, ಅಂದರೆ ಅಕ್ಕನ ಗಂಡ, ಆ ವಾದ್ಯವೃಂದದ ಕಂಡಕ್ಟರು. ಟಿಕೆಟ್ ಹರಿಯುವವರಲ್ಲ, ಸ್ವಾಮಿ. ಎದುರಿನ ಪೀಠದ ಮೇಲೆ ನಿಂತು, ತೆಳ್ಳನೆಯ ಕೋಲೊಂದನ್ನು ಹಿಡಿದು, ಮುಂದಿನ ಪಿಟೀಲಿನವರಿಂದ ಹಿಂದಿನ ನನ್ನವರೆಗೆ ಎಲ್ಲರನ್ನೂ ಒಂದೇ ಉಸಿರಿಗೆ ತರುವವರು. ಅದೇ ವಿದ್ಯೆಯನ್ನು ಸಂಗೀತ ಶಾಲೆಯಲ್ಲಿ ಕಲಿಸುವವರೂ ಅವರೇ. ಆದ್ದರಿಂದ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು.

ಈ ವಿದ್ಯೆಯ ಗುಟ್ಟನ್ನು ತಮಗೆ ಬಿಟ್ಟಿಯಾಗಿ ಹೇಳುತ್ತೇನೆ, ಕೇಳಿ. ಕೈ ಮುಂದೆ, ನಾದ ಹಿಂದೆ. ಕೈ ಮೇಲೇಳುವಾಗ ನಾವೆಲ್ಲ ಉಸಿರೆಳೆದುಕೊಳ್ಳುತ್ತೇವೆ, ಇಳಿದಾಗ ನುಡಿಸುತ್ತೇವೆ. ಕೇಳಿಬಂದ ನಾದಕ್ಕೆ ಕೈ ಆಡಿಸುವುದು ಯಾರಿಗೆ ಬರುವುದಿಲ್ಲ? ತೊಟ್ಟಿಲ ಕೂಸೂ ಆಡಿಸುತ್ತದೆ. ಇನ್ನೂ ಹುಟ್ಟದ ನಾದವನ್ನು ‘ಬಾ’ ಎಂದು ಕರೆಯುವ ಎದೆಗಾರಿಕೆ ಬೇರೆ. ಪಿಟೀಲು ಕಲಿಯುವವನಿಗೆ ಪಿಟೀಲು ಕೊಡುತ್ತೀರಿ. ಕಂಡಕ್ಟರಾಗಲು ಕಲಿಯುವವಳಿಗೆ ಏನು ಕೊಡುತ್ತೀರಿ? ಅವಳ ವಾದ್ಯ ಉಸಿರಾಡುವ ಜನ. ಅವಳ ವಾದ್ಯ ನಾವು.

ಹಾಗೆಂದೇ ನಮ್ಮಲ್ಲೊಂದು ಪದ್ಧತಿ ಇತ್ತು. ತಾಲೀಮಿನಲ್ಲಿ ಟೀ ಕುಡಿದ ಮೇಲಿನ ಹೊತ್ತು ಶಿಷ್ಯರದು. ಭಾವ ಗೋಡೆಗೊರಗಿ ನಿಲ್ಲುತ್ತಿದ್ದರು, ಶಿಷ್ಯರು ಪೀಠ ಹತ್ತುತ್ತಿದ್ದರು. ನಮಗೊಂದೇ ಕಟ್ಟಪ್ಪಣೆ: ಎದುರಿನ ಹಾಳೆಯಲ್ಲಿ ಏನೇ ಬರೆದಿರಲಿ, ಆ ಕೈ ಹೇಳಿದ್ದನ್ನೇ ನುಡಿಸಬೇಕು. ಕೈ ನಡುಗಿದರೆ ನಾದ ನಡುಗಲಿ, ಕೈ ಮುಗ್ಗರಿಸಿದರೆ ಎಲ್ಲರೂ ಮುಗ್ಗರಿಸಿ. ಶಿಷ್ಯರನ್ನು ಭಾವ ಬೈದದ್ದನ್ನು ನಾನು ಕಂಡಿಲ್ಲ, ಬೈಯುವ ಕೆಲಸ ನಮ್ಮ ವಾದ್ಯಗಳದಾಗಿತ್ತು. ಒಬ್ಬ ಹುಡುಗ ಎರಡೂ ತೋಳು ಬೀಸಿ ಬೀಸಿ ಗಾಳಿಯನ್ನೇ ಹರಿದುಹಾಕುತ್ತಿದ್ದ. ನಮ್ಮಲ್ಲಿ ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸುವವರು ತಡೆಯಲಾರದೆ ಕೇಳಿಯೇಬಿಟ್ಟರು:

“ಏನಪ್ಪಾ, ನಮಗೆ ಸನ್ನೆ ಮಾಡ್ತಿದ್ದೀಯೋ, ನೊಣ ಓಡಿಸ್ತಿದ್ದೀಯೋ?”

“ಎರಡೂ ಸಾರ್. ನೊಣ ಮಾತ್ರ ಮಾತು ಕೇಳ್ತಿದೆ.”

ಅವನು ಈಗ ಬೇರೊಂದು ಊರಿನಲ್ಲಿ ದೊಡ್ಡ ವಾದ್ಯವೃಂದದ ಪೀಠದ ಮೇಲಿದ್ದಾನೆ. ಆ ಟೀ ನಂತರದ ಹೊತ್ತು ಹಡೆದ ಮಗ ಅವನು.

ಆಗ ರಂಗಕ್ಕೆ ತಮ್ಮ ಆದೇಶ ಪ್ರವೇಶಿಸಿತು. ವಾದ್ಯವೃಂದ ಒಂದು ಖಾತೆಯಂತೆ, ಶಾಲೆ ಇನ್ನೊಂದು ಖಾತೆಯಂತೆ. “ಒಂದು ಖಾತೆಯ ವಾದಕರನ್ನು ಇನ್ನೊಂದು ಖಾತೆಯ ಪಾಠೋಪಕರಣವಾಗಿ ಬಳಸತಕ್ಕದ್ದಲ್ಲ.” ಆಹಾ! ಸೀಮೆಸುಣ್ಣ, ಭೂಪಟ, ಆಮೇಲೆ ನಾನು! ನಮ್ಮ ಬದಲಿಗೆ ಬಂತು ಆ ಪೆಟ್ಟಿಗೆ. ಭಾವ ಒಗೆದ ಅಂಗಿ ತೊಟ್ಟು ತಮ್ಮ ಕಚೇರಿಗೆ ಬಂದರು. ತಮ್ಮ ಕೈಕೆಳಗಿನ ಹಿರಿಯರೊಬ್ಬರು ಅವರನ್ನು ಕೂರಿಸಿ, ನೀರು ಕೊಟ್ಟು ಹೇಳಿದರಂತೆ:

“ನೋಡಿ ಮೇಷ್ಟ್ರೇ, ಪ್ರಪಂಚದ ಒಳ್ಳೊಳ್ಳೆ ವಾದ್ಯವೃಂದ ಎಲ್ಲಾ ಇದರೊಳಗಿದೆ. ತಪ್ಪು ನುಡಿಸಲ್ಲ, ರಜ ಕೇಳಲ್ಲ, ಟೀ ಅಂತೂ ಕೇಳೋದೇ ಇಲ್ಲ. ಇನ್ನೇನ್ರೀ ಬೇಕು ನಿಮಗೆ?”

“ಅದು ನನ್ನ ಮಾತೂ ಕೇಳಲ್ವಲ್ಲಾ ಸಾರ್.”

“ಸೌಂಡಿನ ಗುಂಡಿ ಇದೆಯಲ್ರೀ!”

ಭಾವ ಇದನ್ನು ಮನೆಗೆ ಬಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದು ಅದೇ ಕೊನೆ.

ಮಾನ್ಯರೇ, ಗೋಡೆಯ ಮೇಲೆ ಹೊಳೆ ಬರೆದು ಈಜು ಕಲಿಸುತ್ತಾರೆಯೇ? ಕಲಿಸಬಹುದು. ಮುಳುಗುವ ಭಯವಿಲ್ಲ, ಬಟ್ಟೆ ಒದ್ದೆಯಾಗುವುದಿಲ್ಲ, ವರದಿಯೂ ಚೆನ್ನಾಗಿ ಬರುತ್ತದೆ. ಬೇಕರಿಯವರ ಮಗಳು ಹಾಗೆಯೇ ಕಲಿತಳು. ನಮ್ಮ ಶಾಲೆಗೆ ಬಂದ ಮಕ್ಕಳಲ್ಲಿ ಅಂಥ ಕಿವಿ ಇನ್ನೊಂದಿಲ್ಲ ಎಂದು ಭಾವ ಹೇಳುತ್ತಿದ್ದರು. ತಮ್ಮ ನಂತರ ಪೀಠಕ್ಕೆ ಅವಳೇ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಅವಳು ಕಲಿತದ್ದು ಪೂರಾ ಆ ಪೆಟ್ಟಿಗೆಯ ಮುಂದೆ, ಸದ್ದು ಹೊರಹೋಗದಂತೆ ಕಿಟಕಿಗೆ ಕಪ್ಪು ಪರದೆ ಕಟ್ಟಿದ ಶಾಲೆಯ ಕೋಣೆಯೊಂದರಲ್ಲಿ. ಒಂದು ದಿನ ಅವಳು ಕೋಲು ಕೆಳಗಿಟ್ಟು ಹೇಳಿದಳಂತೆ:

“ಮೇಷ್ಟ್ರೇ, ನಾನು ಕೈ ಎತ್ತದಿದ್ರೂ ಅದು ನುಡಿಸುತ್ತೆ. ಬೇಕೂಂತ್ಲೇ ಮಧ್ಯದಲ್ಲಿ ನಿಲ್ಲಿಸಿ ನೋಡ್ದೆ. ಅದರ ಪಾಡಿಗದು ಹೋಗ್ತಾನೇ ಇತ್ತು. ಮತ್ತೆ ನಾನ್ಯಾಕೆ?”

ಭಾವ ಪೆಟ್ಟಿಗೆ ಆರಿಸಿದರು. ಅವಳನ್ನು ಮನೆಗೆ ಕರೆತಂದರು. ಅಕ್ಕನ ಅಡುಗೆಮನೆಯಲ್ಲಿ ವಾದ್ಯವೃಂದ! ಅಕ್ಕ ಪಿಟೀಲಿನ ಭಾಗವನ್ನು ಗುನುಗಬೇಕು, ನಾನು ಹಿಟ್ಟಿನ ಡಬ್ಬ ಬಾರಿಸಬೇಕು. “ನಾನು ಒಲೆ ನೋಡ್ಲೋ, ಇವಳ ಕೈ ನೋಡ್ಲೋ? ಏನೂಂದ್ರೆ, ಹಾಲು ಉಕ್ಕಿದ್ರೆ ಯಾವ ಸನ್ನೆ ಮಾಡ್ತಾಳೆ ಕೇಳಿ!” ಎಂದಳು ಅಕ್ಕ. ಹುಡುಗಿ ನಗುತ್ತಲೇ ಕೈ ಎತ್ತಿದಳು, ನಾವು ಶುರು ಮಾಡಿದೆವು, ಅವಳ ಮುಖ ಅರಳಿತು. ಆದರೆ ಒಬ್ಬ ಹೆಂಗಸಿನ ಗುನುಗು, ಒಂದು ಡಬ್ಬ! ಅರೆಕಾಸಿನ ಮಜ್ಜಿಗೆಯಲ್ಲಿ ಊರಿನ ಬಾಯಾರಿಕೆ ತೀರುತ್ತದೆಯೇ?

ಪರೀಕ್ಷೆಗೆ ಮಾತ್ರ ಜೀವಂತ ವಾದ್ಯವೃಂದವೇ ಬೇಕೆಂದು ತಮ್ಮ ನಿಯಮ ಹೇಳುತ್ತದೆ. ಅಲ್ಲಿಗೆ ಬಂದಾಗ ನಾವು ಪಾಠೋಪಕರಣವಲ್ಲ, ತಕ್ಕಡಿ! ಹುಡುಗಿ ಪೀಠ ಹತ್ತಿದಳು. ನಾವು ವಾದ್ಯ ಎತ್ತಿದೆವು. ಅವಳು ನಮ್ಮನ್ನು ನೋಡಿದಳು, ನಾವು ಅವಳ ಕೈಯನ್ನು ನೋಡಿದೆವು. ಕೈ ಏಳಲಿಲ್ಲ. ಅವಳು ನಾದಕ್ಕೆ ಕಾಯುತ್ತಿದ್ದಾಳೆ, ನಾವು ಕೈಗೆ ಕಾಯುತ್ತಿದ್ದೇವೆ. ಎಷ್ಟೋ ನಾಟಕಗಳಲ್ಲಿ ನಟರು ಮಾತು ಮರೆತು ನಿಂತದ್ದನ್ನು ಕಂಡವನು ನಾನು, ಅಂಥ ಮೌನ ಕಂಡಿಲ್ಲ. ಪರೀಕ್ಷಕರೊಬ್ಬರ ಕುರ್ಚಿ ಕಿರ್ರೆಂದಿತು. ಕೊನೆಗೆ ಕೊಳಲಿನವರಿಗೆ ಕರುಳು ಚುರ್ರೆಂದು, ತಾವೇ ಮೊದಲ ಸ್ವರ ಊದಿದರು. ಕೂಡಲೇ ಅವಳ ಕೈ ಎದ್ದಿತು. ಎಂಥ ಚಂದದ ಕೈ! ಎಷ್ಟು ಖಚಿತ, ಎಷ್ಟು ಸೊಗಸು! ಆದರೆ ಕೂದಲೆಳೆಯಷ್ಟು ಹಿಂದೆ, ಮೊದಲಿನಿಂದ ಕೊನೆಯವರೆಗೂ ನಮ್ಮ ಹಿಂದೆಯೇ, ಪೆಟ್ಟಿಗೆ ಕಲಿಸಿದ ಹಾಗೆಯೇ.

‘ಮುನ್ನಡೆಸುವ ಶಕ್ತಿ ಇಲ್ಲ’ ಎಂದು ಪರೀಕ್ಷಕರು ಬರೆದರು. ‘ಬೋಧನೆಯ ಲೋಪ’ ಎಂದು ತಾವು ಬರೆದಿರಿ. ಕೊಟ್ಟವರೂ ತಾವೇ, ಕಿತ್ತುಕೊಂಡವರೂ ತಾವೇ, ಕೊನೆಯ ಅಂಕದಲ್ಲಿ ನ್ಯಾಯಾಧೀಶರ ವೇಷವೂ ತಮ್ಮದೇ. ಹುಡುಗಿ ಈಗ ಅಪ್ಪನ ಬೇಕರಿಯಲ್ಲಿದ್ದಾಳೆ. ಬ್ರೆಡ್ಡು ತರಲು ಹೋಗಿದ್ದಾಗ, “ವಾಪಸು ಬಾರಮ್ಮ” ಎಂದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದಳು. “ಬೇಡ ಮಾಮ. ಹಿಟ್ಟಾದ್ರೆ ಕೈ ಹೇಳಿದ್ದು ಕೇಳುತ್ತೆ,” ಎಂದಳು. ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು ಹೊರಬಂದೆ.

ಇಷ್ಟೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೋ ಏನೋ. ಇನ್ನೊಂದನ್ನು ಮೊದಲು ಕಂಡವನು ನಾನೇ. ನಗಾರಿಯವನಿಗೆ ಬಾರಿಸುವುದಕ್ಕಿಂತ ಕಾಯುವ ಕೆಲಸವೇ ಹೆಚ್ಚು, ಕಾಯುವಾಗ ಕಂಡಕ್ಟರ ಕೈ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಶಿಷ್ಯರ ಪಕ್ಕದಲ್ಲಿ ವರ್ಷಗಟ್ಟಲೆ ಆ ಪೆಟ್ಟಿಗೆಯೆದುರು ನಿಂತ ಭಾವನ ಕೈ ತಡವಾಗತೊಡಗಿತ್ತು. ಮೊದಲು ನಾದದ ಜೊತೆಗೆ ಇಳಿಯಿತು. ಆಮೇಲೆ ನಾದದ ನಂತರ. ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮೊದಲ ಪಿಟೀಲಿನ ಅಮ್ಮನವರು ಸುಮ್ಮನೆ ತಮ್ಮ ಕಮಾನನ್ನು ಒಂದಿಷ್ಟು ಎತ್ತರಕ್ಕೆ ಎತ್ತಿ ಶುರುವಿನ ಸನ್ನೆ ಕೊಡತೊಡಗಿದರು, ನಾವೆಲ್ಲ ಅವರ ಹಿಂದೆ ಹೊರಟೆವು. ಪ್ರೀತಿಯಿಂದಲೇ ಮಾಡಿದೆವು ಸ್ವಾಮಿ, ಕಳ್ಳತನವಲ್ಲ. ಸಂಗೀತ ಕಛೇರಿಗಳು ಸಾಂಗವಾಗಿ ನಡೆದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಒಂದು ತಾಲೀಮಿನಲ್ಲಿ ಭಾವ ಕೈಯನ್ನು ಮಧ್ಯದಲ್ಲೇ ಕೆಳಗಿಳಿಸಿದರು. ನಾವು ನುಡಿಸುತ್ತಲೇ ಹೋದೆವು. ಅವರು ಕೈ ಕಟ್ಟಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದರು. ನನ್ನ ಮುಖದವರೆಗೆ ಅವರ ಕಣ್ಣು ಬಂದಾಗ ನನಗೆ ಅರ್ಥವಾಯಿತು, ನನ್ನ ಕೋಲು ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ನಿಂತರು.

“ನೀವೂ ಪೆಟ್ಟಿಗೆ ಆಗ್ಬಿಟ್ರಲ್ಲ,” ಎಂದರು ಭಾವ.

ಸಿಟ್ಟಿನಿಂದ ಅಂದಿದ್ದರೆ ಉತ್ತರ ಕೊಡಬಹುದಿತ್ತು. ನಾಟಕದವರ ಮಗ ನಾನು, ಎಂಥ ಮಾತಿಗೂ ಎದುರು ಮಾತು ಗೊತ್ತು. ಅಂದು ಪರದೆಯ ಹಿಂದೆ ಮಾತು ಎತ್ತಿಕೊಡುವ ಅಮ್ಮ ಇರಲಿಲ್ಲ.

ಮನೆಯಲ್ಲಿ ಅಕ್ಕ ಡಾಕ್ಟರ ಬಳಿ ಹೋಗೋಣ ಎಂದು ಹಟ ಹಿಡಿದಳು. “ಕೈಗೇನೂ ಆಗಿಲ್ಲ ಕಣೇ,” ಎಂದರು ಭಾವ. ನನ್ನ ಕಡೆ ತಿರುಗಿ, “ಧೈರ್ಯ ಹೋಗಿದೆ ಕಣೋ. ಮೊದಲು ನೀನು ಬಾ, ಆಮೇಲೆ ನಾನು ಬರ್ತೀನಿ ಅನ್ನುತ್ತೆ ಈ ಕೈ. ನಾನು ಹೇಳಿದ್ರೂ ಕೇಳಲ್ಲ,” ಎಂದರು. ಮುಂದಿನ ತಾಲೀಮಿಗೆ ಮೊದಲು ನಮ್ಮಿಂದ ಮಾತು ತೆಗೆದುಕೊಂಡರು: ಯಾರೂ ಉಪಕಾರ ಮಾಡಕೂಡದು, ಕೈ ಎದ್ದರೆ ಮಾತ್ರ ನುಡಿಸಬೇಕು.

ಪೀಠ ಹತ್ತಿದರು. ನಾವು ವಾದ್ಯ ಎತ್ತಿದೆವು. ಅವರು ನಮ್ಮನ್ನು ನೋಡಿದರು, ನಾವು ಅವರ ಕೈಯನ್ನು ನೋಡಿದೆವು. ಅದೇ ಮೌನ, ಮಾನ್ಯರೇ. ಆ ಹುಡುಗಿಯ ಮೌನವೇ. ಕೊಳಲಿನವರು ತುಟಿ ಕಚ್ಚಿಕೊಂಡು ಕೂತಿದ್ದರು. ಕೋಲಿನ ತುದಿ ಒಂದಿಷ್ಟು ಅಲುಗಿತು, ನಿಂತಿತು. ಭಾವ ಕೆಳಗಿಳಿದು ಕೋಟು ಹೆಗಲಿಗೆ ಹಾಕಿಕೊಂಡು ಹೊರಟರು. ಬಾಗಿಲ ಬಳಿ ತಿರುಗಿ, “ಹೋಗ್ರಪ್ಪಾ, ಟೀ ಕುಡೀರಿ,” ಎಂದರು.

ನನ್ನ ಬೇಡಿಕೆ ಇಷ್ಟೇ. ಪೆಟ್ಟಿಗೆ ಒಯ್ಯಿರಿ. ಟೀ ನಂತರದ ಆ ಹೊತ್ತನ್ನು ಶಾಲೆಗೆ ಮರಳಿ ಕೊಡಿ. ಬೇಕರಿಯ ಹುಡುಗಿಗೆ ಜೀವಂತ ಜನರ ಮುಂದೆ ಕಲಿಯಲು ಅವಕಾಶ ಕೊಟ್ಟು, ಆಮೇಲೆ ಪರೀಕ್ಷೆ ಮಾಡಿ. ಅವಳು ಪೀಠದ ಮೇಲಿದ್ದು, ಭಾವ ಗೋಡೆಗೊರಗಿ ನಿಂತರೆ ಅವರ ಕೈಗೆ ಹಳೆಯ ನೆನಪು ಮರಳೀತೇ? ಗೊತ್ತಿಲ್ಲ. ಹಿಟ್ಟು ತೊಳೆದುಕೊಂಡು ಹುಡುಗಿ ಬಂದಾಳೇ? ಅದೂ ಗೊತ್ತಿಲ್ಲ. ತಾವು ಇದನ್ನು ಓದುತ್ತೀರಿ ಎಂಬ ಭ್ರಮೆಯಂತೂ ನನಗಿಲ್ಲ. ನಾವು ಕೂಗಲಿ ಬಿಡಲಿ, ತಮ್ಮ ಕಚೇರಿ ಅದರ ಪಾಡಿಗದು ನುಡಿಯುತ್ತಲೇ ಇರುತ್ತದೆ. ಆದರೂ ಬರೆದೆ. ನಗಾರಿಯವನ ಹಣೆಬರಹವೇ ಅಷ್ಟು: ಮೈಯಲ್ಲಿ ಎಷ್ಟೇ ಗುಡುಗಿದ್ದರೂ, ಎದುರಿನ ಕೈ ಏಳದೆ ಒಂದು ಪೆಟ್ಟನ್ನೂ ಹಾಕುವಂತಿಲ್ಲ.

ಇಂತಿ,
ಎರಡೂ ಕೋಲುಗಳನ್ನು ಎತ್ತಿ ಹಿಡಿದು, ತೋಳು ಸೋತು ನಿಂತಿರುವ
ಕಡೆಯ ಸಾಲಿನ ಪಾಠೋಪಕರಣ