ಹೆಸರಿಲ್ಲದವನ ಪಾಲಿನ ನೀರು

ನೀರೆಣಿಕೆಯ ತೊಂಬತ್ತಾರನೆಯ ವರ್ಷ, ಎರಡನೆಯ ಒಣತಿಂಗಳು, ಹದಿನೇಳನೆಯ ದಿನ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ಎರಡು ಸಾವಿರದ ನೂರ ಎಂಬತ್ತೊಂಬತ್ತು ಎಂದು ನಮ್ಮಲ್ಲಿ ಓದಿಕೊಂಡವರು ಹೇಳುತ್ತಾರೆ.

ಕರಿಹೊಳೆ ಊರಿನ ಕನ್ನಡ ಶಾಲೆಯ ಅನಸೂಯಾ ಅಕ್ಕೋರಿಗೆ,

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಉಳಿದು ಬಂದ ಹರಕು ಹಾಳೆಗಳಿಂದ. ಅವುಗಳಲ್ಲಿ ಅರ್ಧ ಮದುವೆಯ ಆಮಂತ್ರಣಗಳು, ಇನ್ನರ್ಧ ಸರ್ಕಾರದ ಸುತ್ತೋಲೆಗಳು. ಹೀಗಾಗಿ ಒಮ್ಮೆ ಬೀಗರ ಹಾಗೆಯೂ ಇನ್ನೊಮ್ಮೆ ತಹಶೀಲ್ದಾರರ ಹಾಗೆಯೂ ಬರೆಯುತ್ತೇನೆಂದು ಮನೆಯವರು ನಗುತ್ತಾರೆ. ನಿಮ್ಮನ್ನು ಅಕ್ಕೋರು ಎನ್ನುತ್ತಿರುವುದು ಸಲಿಗೆಯಿಂದಲ್ಲ. ಸೈನ್ಯದಲ್ಲಿ ನಾಯಕ್ ಆಗಿದ್ದ ಗುರಸಿದ್ದಪ್ಪ ಕೊಣ್ಣೂರ ಅವರು ನಿಮ್ಮನ್ನು ಹಾಗೆಯೇ ಕರೆದರು, ಮತ್ತು ನಾನು ಮೂವತ್ತೆಂಟು ವರ್ಷಗಳಿಂದ ಅವರ ಬಾಯಿ.

ಅದೇನೆಂದು ಹೇಳಬೇಕು. ನಿಮ್ಮ ಮಾತು, ಚಿತ್ರ, ಪಟ್ಟಿಗಳನ್ನೆಲ್ಲ ತುಂಬಿಕೊಂಡಿದ್ದ ಯಂತ್ರಗಳು ನನ್ನ ಮುತ್ತಜ್ಜಿಯ ಕಾಲದ ಬಿಸಿವರ್ಷಗಳಲ್ಲಿ ಒಂದೊಂದಾಗಿ ಆರಿಹೋದವು. ಆರುವ ಮೊದಲು ಊರಿನವರು ಅವುಗಳ ಮುಂದೆ ಕುಳಿತು, ಯುದ್ಧ ಕಂಡು ಬಂದ ಹಿರಿಯರ ಮಾತುಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡರು. ಮನೆಗೊಬ್ಬ ಸೈನಿಕ. ಆ ಮನೆಯಲ್ಲಿ ಒಬ್ಬರು ಆತನ ಮಾತನ್ನು ಜೀವಮಾನವಿಡೀ ಹೊರಬೇಕು, ಆಮೇಲೆ ಇನ್ನೊಬ್ಬರಿಗೆ ದಾಟಿಸಬೇಕು. ಇದನ್ನು ನಾವು ಬಾಯಿಪಾಳಿ ಎನ್ನುತ್ತೇವೆ. ಪಾಳಿ ಮುಗಿಸಿದವರು ಹಿಂದಿನ ಕಾಲದ ಒಬ್ಬರಿಗೆ ಒಂದು ಪತ್ರ ಬರೆದು ಚಾವಡಿಯ ಕಲ್ಲುಪೆಟ್ಟಿಗೆಗೆ ಹಾಕುವ ರೂಢಿಯಿದೆ. ಅದಕ್ಕೆ ಹಿಂದೋಲೆ ಎಂದು ಹೆಸರು. ಅದು ಮುಟ್ಟುತ್ತದೆಂದು ಯಾರೂ ನಂಬುವುದಿಲ್ಲ. ನಾನೂ ನಂಬುವುದಿಲ್ಲ.

ನಮ್ಮ ದಿನಗಳು ಹೀಗಿವೆ. ಮನೆಗಳು ನೆಲದೊಳಗಿವೆ, ಮಾಡು ಮಾತ್ರ ಮೇಲೆ ಕಾಣುತ್ತದೆ. ಹೊತ್ತೇರುವ ಮೊದಲು ಹೊಲದ ಕೆಲಸ ಮುಗಿಸಿ ಒಳಗೆ ಇಳಿಯುತ್ತೇವೆ. ಪಾತ್ರೆಗಳನ್ನು ಬೂದಿಯಿಂದ ತಿಕ್ಕಿ ಬಟ್ಟೆಯಿಂದ ಒರೆಸುತ್ತೇವೆ. ರೊಟ್ಟಿ ಇನ್ನೂ ಇದೆ, ಜೋಳ ನಮ್ಮನ್ನು ಕೈಬಿಟ್ಟಿಲ್ಲ. ನೀರು ಒಬ್ಬರಿಗೆ ದಿನಕ್ಕೆ ಆರು ಲೋಟ, ಅಷ್ಟರಲ್ಲೇ ಕುಡಿಯುವುದು, ಅಡುಗೆ, ಮುಖ ತೊಳೆಯುವುದು ಎಲ್ಲವೂ. ಆ ನೀರನ್ನು ಹಂಚುವ ಐದು ಜನರನ್ನು ನೀರುಪಂಚರು ಎನ್ನುತ್ತೇವೆ. ನೀರು ಚೆಲ್ಲಿದವರ ಮನೆಗೆ ಒಂದು ವಾರ ಅರ್ಧ ಪಾಲು. ನಿಮ್ಮ ಶಾಲೆಯ ನಲ್ಲಿಯಿಂದ ನೀರು ಸೋರಿ ಅಂಗಳದಲ್ಲಿ ಹುಲ್ಲು ಬೆಳೆದಿತ್ತು ಎಂದು ಒಂದು ಹಾಳೆಯಲ್ಲಿ ಓದಿ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು.

ಇಷ್ಟು ಬಿಗಿಯಿದ್ದರೂ ವರ್ಷಕ್ಕೊಂದು ಸಲ, ಹೇಳುವ ದಿನ ಎಂಬ ದಿನದಂದು, ನಾವು ನೀರನ್ನು ನೆಲಕ್ಕೆ ಬಿಡುತ್ತೇವೆ. ಪ್ರತಿ ಮನೆಯವರೂ ತಮ್ಮ ಸೈನಿಕನ ಮಾತನ್ನು ಊರಿನ ಮುಂದೆ ನಿಂತು ಹೇಳುತ್ತಾರೆ, ಆತನ ಹೆಸರನ್ನೂ ಆತನೊಂದಿಗಿದ್ದು ಸತ್ತವರ ಹೆಸರುಗಳನ್ನೂ ಕೂಗುತ್ತಾರೆ, ಒಂದೊಂದು ಹೆಸರಿಗೆ ಅರ್ಧ ಲೋಟ ನೀರನ್ನು ಮಣ್ಣಿಗೆ ಸುರಿಯುತ್ತಾರೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನಿಮ್ಮ ಶಾಲು, ಹಾರ, ಫಲತಾಂಬೂಲಗಳ ಬಗ್ಗೆ ಓದಿದ್ದೇನೆ. ಅವು ನಿಮಗೆ ಸುಲಭವಾಗಿ ಸಿಗುತ್ತಿದ್ದವು ಅನ್ನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿಯ ಜನವರಿ ಇಪ್ಪತ್ತಾರರಂದು ನೀವು ಗುರಸಿದ್ದಪ್ಪನವರನ್ನು ಶಾಲೆಗೆ ಕರೆಸಿ, ಸನ್ಮಾನ ಮಾಡಿ, ಎಪ್ಪತ್ತೊಂದರ ಯುದ್ಧದ ಕಥೆ ಹೇಳಿಸಿ ಮೊಬೈಲಿನಲ್ಲಿ ಹಿಡಿದಿಟ್ಟಿರಿ. ಒಳ್ಳೆಯ ಕೆಲಸ ಮಾಡಿದಿರಿ. ಅದಿಲ್ಲದಿದ್ದರೆ ಆ ಮನುಷ್ಯ ಇದ್ದನೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ರೈಲಿನ ಪ್ರಯಾಣ, ತರಬೇತಿ, ಹೊಳೆ ದಾಟಿದ್ದು ಎಲ್ಲ ಹೇಳಿದ ಮೇಲೆ ಅವರು ಒಂದು ತಗ್ಗಿನ ವಿಷಯಕ್ಕೆ ಬರುತ್ತಾರೆ. ಆ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ.

"ನಾವಿಬ್ರ ಇದ್ವಿರಿ ಅಕ್ಕೋರ ಆ ತಗ್ಗಿನ್ಯಾಗ. ನನ್ನ ಬಾಜೂಕ ಇದ್ದಾಂವಗ ಹೊಟ್ಟಿಗೆ ಗುಂಡ ಬಡಿದಿತ್ತು. ನೀರ ಕೇಳಿದ. ಹೊಟ್ಟಿಗೆ ಬಡದಾವ್ರಿಗೆ ನೀರ ಕೊಡಬಾರದಂತ ನಮಗ ಕಲಿಸಿದ್ರು. ನನ್ನ ಬಾಟ್ಲಿ ತುಂಬ ನೀರ ಇತ್ರಿ. ನಾ ಕೊಡಲಿಲ್ಲ. ಹೊತ್ತ ಮುಣಗೂತನಾ ಕೇಳಿದ. ಆಮ್ಯಾಲ ಕೇಳೂದ ಬಿಟ್ಟ. ಅವನ ಹೆಸರ..."

ಅಲ್ಲಿ ನಿಮ್ಮ ದನಿ ಬರುತ್ತದೆ. "ಅದೆಲ್ಲಾ ಈಗ ಬ್ಯಾಡ್ರಿ ಅಜ್ಜಾರ. ಹುಡುಗ್ರು ಬಿಸಲಾಗ ಕುಂತಾರ. ಪದಕದ ಸುದ್ದಿ ಹೇಳ್ರಿ." ಅವರು ಎರಡು ಸಲ ಕೆಮ್ಮಿ, "ಹೂಂರಿ" ಎಂದು ಪದಕದ ಸುದ್ದಿ ಹೇಳುತ್ತಾರೆ.

ನೀವು ಕೆಟ್ಟವರಲ್ಲ ಎಂದು ನನಗೆ ಗೊತ್ತು. ಮುಖ್ಯ ಅತಿಥಿಗೆ ಹೊರಡುವ ಅವಸರವಿತ್ತೇನೋ. ಮಕ್ಕಳು ಹೆದರಿಯಾರು ಎಂದುಕೊಂಡಿರೇನೋ. ಆದರೆ ಆ ಒಂದು ಮಾತಿನಿಂದ ಇಲ್ಲಿ ಏನಾಗಿದೆ ಕೇಳಿ. ಬಾಯಿಪಾಠ ಮಾಡಿಕೊಂಡ ಮೊದಲಿಗರು ಒಂದಕ್ಷರವನ್ನೂ ಬಿಡಬಾರದೆಂದು ಆಣೆ ಮಾಡಿಕೊಂಡಿದ್ದರು. ಯಾವುದು ಸೈನಿಕನ ಮಾತು, ಯಾವುದು ಟೀಚರಮ್ಮನ ಮಾತು ಎಂದು ಅವರು ಬೇರೆ ಮಾಡಲಿಲ್ಲ. ಕೆಮ್ಮನ್ನೂ ಕಲಿತರು, ನಿಮ್ಮನ್ನೂ ಕಲಿತರು. ಈಗ ಹೇಳುವ ದಿನ ನಾನು "ಅವನ ಹೆಸರ" ಎನ್ನುವಷ್ಟರಲ್ಲಿ ಇಡೀ ಊರು ಕೈಮುಗಿದು ಒಂದೇ ದನಿಯಲ್ಲಿ ನಿಮ್ಮ ಮಾತನ್ನು ಹೇಳುತ್ತದೆ. ಅದು ಮಕ್ಕಳಿಗೆ ಬಲು ಇಷ್ಟದ ಸಾಲು. ಮನೆಯಲ್ಲಿ ಯಾರಾದರೂ ಕಷ್ಟ ತೋಡಿಕೊಳ್ಳಲು ಕುಳಿತರೆ, "ಪದಕದ ಸುದ್ದಿ ಹೇಳ್ರಿ" ಎಂದು ಛೇಡಿಸಿ ಬಾಯಿ ಮುಚ್ಚಿಸುತ್ತಾರೆ. ನೀವು ನಮ್ಮೂರಿನಲ್ಲಿ ಅಷ್ಟು ಪ್ರಸಿದ್ಧರು.

ಆ ಇನ್ನೊಬ್ಬನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅವರ ಸೈನ್ಯದ ಪಲ್ಟಣದ ಪಟ್ಟಿಯಲ್ಲಿ ಇದ್ದಿರಬೇಕು, ಆ ಪಟ್ಟಿ ಯಂತ್ರಗಳ ಜೊತೆಗೇ ಹೋಯಿತು. ಹೆಸರಿಲ್ಲದವನಿಗೆ ನೀರು ಬಿಡುವಂತಿಲ್ಲ. ಮೂವತ್ತೆಂಟು ವರ್ಷ ನಾನು ಅವನು ನೀರು ಕೇಳಿದ್ದನ್ನು ಹೇಳಿದ್ದೇನೆ, ಮೂವತ್ತೆಂಟು ವರ್ಷವೂ ಅವನ ಎದುರಿಗೆ ಬರಿಗೈಯಲ್ಲಿ ನಿಂತಿದ್ದೇನೆ. ಒಂದು ಹೆಸರು ಕಟ್ಟಿ ಹೇಳಿಬಿಡೋಣವೆಂದು ಎಷ್ಟೋ ಸಲ ಅಂದುಕೊಂಡೆ. ನಾಲಿಗೆ ಹೊರಳಲಿಲ್ಲ. ಆ ನೀರು ಬೇರೆ ಯಾರಿಗೋ ಹೋದರೆ?

ಈ ಸಲದ ಹೇಳುವ ದಿನಕ್ಕೆ ನನ್ನ ಪಾಳಿ ಮುಗಿಯಿತು. ಗಂಟಲು ಹೋಗಿದೆ, ವಯಸ್ಸು ಎಪ್ಪತ್ತೊಂದು. ಆ ದಿನಕ್ಕೆ ಮೊದಲೇ ಪಂಚರ ಹಿರಿಯ ಸಂಗನಬಸಪ್ಪನ ಬಳಿ ಹೋಗಿ, ನನ್ನ ಸ್ವಂತ ಪಾಲಿನಿಂದ ಅರ್ಧ ಲೋಟ ಅವನಿಗೆ ಬಿಡುತ್ತೇನೆ, ಅಪ್ಪಣೆ ಕೊಡು ಎಂದು ಬೇಡಿಕೊಂಡೆ. ಅವನು ಒರಟನಲ್ಲ. ನನ್ನನ್ನು ಕೂರಿಸಿ, "ಹೆಸರಿಲ್ದ ಬಿಟ್ಟ ನೀರ ಚೆಲ್ಲಿದ ನೀರ ಬೇ ಯಮ್ಮಾ. ಇವತ್ತ ನಿನಗ ಹೂಂ ಅಂದ್ರ ನಾಳೆ ಊರಿಗೆ ಏನಂತ ಹೇಳ್ಲಿ?" ಎಂದ. ಅವನು ಹೇಳಿದ್ದು ಸರಿ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಪಂಚರು ಇನ್ನೊಂದು ತೀರ್ಮಾನವನ್ನೂ ಮಾಡಿದ್ದಾರೆ. ಪೂರ್ತಿಯಾಗದ ಮಾತನ್ನು ಇನ್ನು ಮುಂದೆ ಕಲಿಸುವುದು ಬೇಡವಂತೆ. ನನ್ನ ಮೊಮ್ಮಗಳು ಚಿನ್ನವ್ವ ಕಲಿಯುವ ಪಾಠದಲ್ಲಿ ಹೊಳೆ ದಾಟಿದ ಮೇಲೆ ನೇರವಾಗಿ ಪದಕ ಬರುತ್ತದೆ. ತಗ್ಗು ಇರುವುದಿಲ್ಲ, ಅದರಲ್ಲಿ ಮಲಗಿದ್ದವನೂ ಇರುವುದಿಲ್ಲ. ಅವನು ನೀರು ಕೇಳಿದ್ದ ಎಂಬುದು ನನ್ನೊಂದಿಗೆ ಮುಗಿಯುತ್ತದೆ. ಇದನ್ನು ಬರೆಯುವಾಗ ಅಳು ಬಂತು. ನಮ್ಮಲ್ಲಿ ಅಳುವುದೂ ದಂಡದ ಬಾಬ್ತು ಎಂದು ತಮಾಷೆ ಮಾಡುತ್ತಾರೆ, ಆದರೂ ಅತ್ತೆ.

ನಿಮ್ಮ ಕೈಬರಹದ ಒಂದು ಹಾಳೆ ನಮ್ಮ ಚಾವಡಿಯಲ್ಲಿದೆ. ಫೆಬ್ರವರಿ ಹದಿನಾಲ್ಕರಂದು ಶಾಲೆಯಲ್ಲಿ ಓದಿದ ಶ್ರದ್ಧಾಂಜಲಿ. ವೀರಯೋಧರು ಆ ದಿನ ಬೆಳಿಗ್ಗೆ ತೀರಿಕೊಂಡರೆಂದೂ ಮಕ್ಕಳಿಗೆ ಅರ್ಧ ದಿನ ರಜೆಯೆಂದೂ ಬರೆದಿದ್ದೀರಿ. ಅಕ್ಷರಗಳು ದುಂಡಗಿವೆ. ಸನ್ಮಾನದ ದಿನಕ್ಕೂ ಆ ಹಾಳೆಗೂ ನಡುವೆ ಹತ್ತೊಂಬತ್ತು ದಿನಗಳಿವೆ, ಅಕ್ಕೋರೆ. ಅವರ ಮನೆ ಹಿಟ್ಟಿನ ಗಿರಣಿಯ ಹಿಂದೆ ಎಂದು ಅವರೇ ಹೇಳಿದ್ದಾರೆ. ಶಾಲೆಯಿಂದ ಎಷ್ಟು ದೂರವೋ ನನಗೆ ತಿಳಿಯದು, ನೀವು ನಡೆಯಬಲ್ಲಷ್ಟೇ ಇರಬೇಕು.

ಹೋಗಿ. ಮೊಬೈಲ್ ಬೇಡ, ಒಂದು ಹಾಳೆ, ಪೆನ್ನು ಸಾಕು. ಬಾಯಿಂದ ಬಾಯಿಗೆ ಬಂದದ್ದು ಬಿಟ್ಟರೆ ನಮಗೆ ಮುಟ್ಟಿದ್ದೆಲ್ಲ ಹಾಳೆಯಲ್ಲಿದ್ದದ್ದೇ. ಅಂದು ನಿಲ್ಲಿಸಿದ ಮಾತನ್ನು ಮುಗಿಸಿರೆಂದು ಕೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನೆ ಕುಳಿತುಕೊಳ್ಳಿ. ಹೆಸರು, ಅಪ್ಪನ ಹೆಸರು, ಊರು, ಇಷ್ಟನ್ನು ಬರೆದುಕೊಳ್ಳಿ.

ನೀವು ಹೋಗಲಿಲ್ಲ ಎಂದು ನನಗೆ ಗೊತ್ತು. ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಇಷ್ಟು ಹೊತ್ತಿಗೆ ಆ ಅರ್ಧ ಲೋಟ ಮಣ್ಣಿಗೆ ಇಳಿದಿರುತ್ತಿತ್ತು.

ನಿಮ್ಮ,
ನೀಲವ್ವ, ಕೊಣ್ಣೂರ ಬಾಯಿಯ ಮನೆ