ಎತ್ತು ಬಿಚ್ಚಿದ ಗಾಡಿಗಳು

ಗದಗ, ಬುಧವಾರ

ಮಾಮೂ, ಸಲಾಂ.

ಹತ್ತಿ ಪೇಟೆಯ ನೂಕುನುಗ್ಗಲು ತಗ್ಗಲೆಂದು, ಸಿಂಗಾಪುರದವರು ಊರೊಳಗೆ ಬರುವ ಮೋಟಾರುಗಳಿಗೆ ಹಾಕಿದಂತೆ ಮುಂಜಾನೆ ಒಳಬರುವ ಎತ್ತಿನ ಗಾಡಿಗೆ ಎಂಟಾಣೆ ಶುಲ್ಕ ಇಡಿಸಿದೆ. ವ್ಯಾಪಾರಿಗಳ ಕಮಿಟಿ ನನ್ನ ಮಾತಿಗೆ ಒಪ್ಪಿ, ಒಂದು ವಾರ ನೋಡೋಣ ಎಂದಿದೆ. ಕೈಗಾಡಿಗೆ ಮಾಫಿ. ನಿನ್ನೆ ಗಾಡಿಯವರು ಶುಲ್ಕ ವಸೂಲಿಯ ನಾಕೆಯ ಹೊರಗೇ ಎತ್ತು ಬಿಚ್ಚಿ, ನೊಗಕ್ಕೆ ತಾವೇ ಹೆಗಲು ಕೊಟ್ಟು ಎಳೆದುಕೊಂಡು ಬಂದರು. "ನೋಡಲೇ ಪುಢಾರಿ, ಈಗ ಇದೂ ಕೈಗಾಡೀನ!" ಎಂದರು. ನನಗೂ ನಗು ತಡೆಯಲಿಲ್ಲ. ಎಳೆಯಲಾರದವರು ಮಧ್ಯಾಹ್ನದವರೆಗೆ ಹೊರಗೇ ಉಳಿದರು. ರಸ್ತೆಯಂತೂ ಖುಲ್ಲಾ ಆಯಿತು.

ಕೂಗಿ ಕೂಗಿ ಗಂಟಲು ಕಟ್ಟಿದೆ, ಉಳಿದಂತೆ ಆರಾಮ.

ಶನಿವಾರ ಶಿರಹಟ್ಟಿಯಿಂದ ನಿಮ್ಮ ಗಾಡಿ ಬರುತ್ತದೆ. ನೀವೂ ಎತ್ತು ಬಿಚ್ಚಿದರೆ ನನ್ನ ಮಾತು ಅಲ್ಲಿಗೇ ಮುಗಿಯಿತು. ಮಧ್ಯಾಹ್ನ ಬಂದರೆ ಶುಲ್ಕವಿಲ್ಲ; ಆದರೂ ಮುಂಜಾನೆಯೇ ಬಂದು, ಎಲ್ಲರೆದುರು ಎಂಟಾಣೆ ಕೊಡಿ.

ಟಪಾಲಿನವ ಬಂದ.

ದಾವಲ